ಬಾಲ್ಯದ ಬಡತನ, ನಡುವಯಸ್ಸಿನ ಕಾಯಿಲೆ

ನಲವತ್ತು ದಾಟಿದವರಲ್ಲಿ ಕಾಣಿಸಿಕೊಳ್ಳುವ ಸಕ್ಕರೆ ಕಾಯಿಲೆ, ರಕ್ತದೊತ್ತಡ ಮತ್ತು ಹೃದ್ರೋಗಗಳಿಗೆ ಅವರ ಈಗಿನ ಊಟ, ದುಡಿಮೆ, ತಂಬಾಕು, ಚಿಂತೆಗಳೇ ಕಾರಣವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಇವುಗಳ ಒಂದು ಬೇರು ತಾಯಿಯ ಗರ್ಭದಲ್ಲಿಯೂ ಹುಟ್ಟಿದ ಮೊದಲ ಎರಡು ವರ್ಷಗಳಲ್ಲಿಯೂ ಇರುತ್ತದೆಂಬುದನ್ನು ಕಳೆದ ನಾಲ್ಕು ದಶಕಗಳ ಸಂಶೋಧನೆ ತೋರಿಸಿಕೊಟ್ಟಿದೆ. ಯಾದಗಿರಿ ಜಿಲ್ಲೆಯ ಸೈದಾಪುರ ಸೀಮೆಗೆ ಈ ವಿಚಾರ ತೀರ ಹತ್ತಿರದ್ದು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಸುಮಾರು ಶೇ. 52ರಷ್ಟಿದ್ದು, ರಾಜ್ಯದಲ್ಲಿಯೇ ಅತಿ ಕಡಿಮೆಯಾಗಿತ್ತು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರ ಪ್ರಮಾಣ ರಾಜ್ಯದಲ್ಲಿ ಶೇ. 35.4 ಇದ್ದರೆ, ಈ ಜಿಲ್ಲೆಯಲ್ಲಿ ಅರ್ಧಕ್ಕಿಂತ ಹೆಚ್ಚಿತ್ತು.

ವಯಸ್ಸಿಗೆ ತಕ್ಕ ಎತ್ತರವಿಲ್ಲದಿರುವುದನ್ನು ಕುಂಠಿತ ಬೆಳವಣಿಗೆ ಎನ್ನುತ್ತಾರೆ. ಎರಡು ವರ್ಷದ ಹೆಣ್ಣುಮಗುವನ್ನು ಮಲಗಿಸಿ ಅಳೆದರೆ ಉದ್ದ ಸುಮಾರು 86 ಸೆಂಟಿಮೀಟರ್ ಇರಬೇಕು. 80ಕ್ಕಿಂತ ಕಡಿಮೆಯಿದ್ದರೆ ಬೆಳವಣಿಗೆ ಕುಂಠಿತವಾಗಿದೆಯೆಂದು ಅರ್ಥ. ಅಂಥ ಮಗು ಆಡುತ್ತದೆ, ನಗುತ್ತದೆ, ಓರಗೆಯ ಮಕ್ಕಳೂ ಅಷ್ಟೇ ಎತ್ತರವಿರುವುದರಿಂದ ಮನೆಯವರ ಕಣ್ಣಿಗೆ ಕೊರತೆಯೇ ಕಾಣುವುದಿಲ್ಲ. ಈ ಕಾಣದಿರುವಿಕೆಯೇ ಅತಿ ದೊಡ್ಡ ಅಪಾಯ.

ಹುಟ್ಟಿನ ತೂಕಕ್ಕೂ ಮುಂದಿನ ಹೃದ್ರೋಗಕ್ಕೂ ನಂಟಿದೆಯೆಂಬ ವಾದವನ್ನು 1980ರ ದಶಕದಲ್ಲಿ ಇಂಗ್ಲೆಂಡಿನ ಡೇವಿಡ್ ಬಾರ್ಕರ್ ಮುಂದಿಟ್ಟರು. ಭಾರತದಲ್ಲಿ ಅದಕ್ಕೆ ಮೊದಲ ಪುರಾವೆ ದೊರೆತದ್ದು ಕನ್ನಡ ನಾಡಿನಲ್ಲೇ. ಮೈಸೂರಿನ ಜನ ಮಿಷನ್ ಆಸ್ಪತ್ರೆಯೆಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾದಿಯರು ಬರೆದಿಟ್ಟಿದ್ದರು. ಆ ದಾಖಲೆಗಳ ಜಾಡು ಹಿಡಿದು, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಜನರನ್ನು ಪತ್ತೆಮಾಡಿ ಪರೀಕ್ಷಿಸಿದಾಗ, ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇ. 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆಯಿತ್ತು. ಮೂರು ಕಿಲೋ ದಾಟಿ ಹುಟ್ಟಿದವರಲ್ಲಿ ಅದು ಶೇ. 3ರ ಆಸುಪಾಸಿನಲ್ಲಿತ್ತು. 1996ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಅತಿ ಹೆಚ್ಚು ರೋಗ ಕಂಡುಬಂದದ್ದು, ಕಡಿಮೆ ತೂಕದಲ್ಲಿ ಹುಟ್ಟಿ, ಬಸುರಿಯಾಗಿದ್ದಾಗ ತಾಯಿಯೂ 45 ಕಿಲೋಗಿಂತ ಕಡಿಮೆ ತೂಗುತ್ತಿದ್ದವರಲ್ಲಿ.

ಇದಕ್ಕೆ ಕಾರಣ ದೇಹದ ರಚನೆಯಲ್ಲಿಯೇ ಇದೆ. ಮೂತ್ರಪಿಂಡದಲ್ಲಿ ರಕ್ತವನ್ನು ಸೋಸುವ ಸೂಕ್ಷ್ಮ ಘಟಕಗಳೆಲ್ಲ ಹೆರಿಗೆಗೆ ಮುಂಚೆಯೇ ರೂಪುಗೊಳ್ಳುತ್ತವೆ, ಮುಂದೆಂದೂ ಹೊಸದಾಗಿ ಹುಟ್ಟುವುದಿಲ್ಲ. ಗರ್ಭದಲ್ಲಿ ಪೋಷಣೆ ಸಾಲದೆ ಅವು ಕಡಿಮೆಯಾದರೆ ಇದ್ದಷ್ಟರ ಮೇಲೆಯೇ ಹೊರೆ ಬಿದ್ದು ರಕ್ತದೊತ್ತಡ ಏರುವ ಸಂಭವ ಹೆಚ್ಚುತ್ತದೆ. ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ ಅವರ ಅಧ್ಯಯನಗಳು ಭಾರತದ ಕೂಸುಗಳು ನೋಡಲು ಸಣಕಲಾಗಿದ್ದರೂ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು ಇರುವ ಮೈಕಟ್ಟಿನಲ್ಲಿ ಹುಟ್ಟುತ್ತವೆಂದು ತೋರಿಸಿದವು. ಇಂಥ ಮೈಕಟ್ಟು ಮುಂದೆ ಸಕ್ಕರೆ ಕಾಯಿಲೆ ಬರುವ ಸಂಭವವನ್ನು ಹೆಚ್ಚಿಸುತ್ತದೆ. ಆ ಕಾಯಿಲೆ ಸಿರಿವಂತರದು ಎಂಬ ಹಳೆಯ ನಂಬಿಕೆಯನ್ನು ಆದ್ದರಿಂದ ಬಿಡಲೇಬೇಕಾಗಿದೆ.

ಹದಿನೆಂಟು ತುಂಬುವ ಮೊದಲೇ ಮದುವೆಯಾಗಿ, ತುಂಬಿದ ಬಸುರಿನಲ್ಲಿಯೂ ಹತ್ತಿ ಬಿಡಿಸಲು ಹೋಗಿ, ಮನೆಯಲ್ಲಿ ಎಲ್ಲರಿಗೂ ಬಡಿಸಿದ ಮೇಲೆ ಉಳಿದ ರೊಟ್ಟಿ, ಖಾರದಲ್ಲಿ ಹೊಟ್ಟೆ ತುಂಬಿಸಿಕೊಳ್ಳುವ ಹೆಣ್ಣುಮಗಳ ಬಡತನವು ಹೀಗೆ ಅವಳ ಮಗುವಿನ ನಡುವಯಸ್ಸಿನವರೆಗೂ ಚಾಚಿಕೊಳ್ಳುತ್ತದೆ. ಆದರೆ ಇದನ್ನು ಹಣೆಬರಹವೆಂದು ಕೈಬಿಡುವುದು ತಪ್ಪು. ಹೈದರಾಬಾದಿನ ಸುತ್ತಲಿನ ಹಳ್ಳಿಗಳಲ್ಲಿ 1987ರಿಂದ 1990ರವರೆಗೆ ಬಸುರಿಯರಿಗೂ ಆರು ವರ್ಷದೊಳಗಿನ ಮಕ್ಕಳಿಗೂ ಅಂಗನವಾಡಿ ಯೋಜನೆಯಡಿ ಪೂರಕ ಆಹಾರ ನೀಡಲಾಗಿತ್ತು; ಆ ಮಕ್ಕಳು ಹದಿಹರೆಯಕ್ಕೆ ಬಂದಾಗ, ಆಹಾರ ಸಿಗದ ಹಳ್ಳಿಗಳ ಓರಗೆಯವರಿಗಿಂತ ಸರಾಸರಿ 14 ಮಿಲಿಮೀಟರ್ ಎತ್ತರವಿದ್ದರು, ಅವರ ರಕ್ತನಾಳಗಳು ಹೆಚ್ಚು ಮೃದುವಾಗಿದ್ದವು, ಇನ್ಸುಲಿನ್ ಅವರ ದೇಹದಲ್ಲಿ ಹೆಚ್ಚು ಚೆನ್ನಾಗಿ ಕೆಲಸ ಮಾಡುತ್ತಿತ್ತು. ಒಂದು ಹೊತ್ತಿನ ಊಟದ ಫಲವನ್ನು ದಶಕದ ನಂತರವೂ ಅಳೆಯಲು ಸಾಧ್ಯವಾಯಿತೆಂಬುದು ಸಣ್ಣ ಸಂಗತಿಯಲ್ಲ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಆರಂಭಿಸಿದ್ದು ಸರಿಯಾದ ಹೆಜ್ಜೆಯೇ. ಆದರೆ ಶಾಲೆಗೆ ಬರುವ ವಯಸ್ಸಿಗೆ ಗರ್ಭದಿಂದ ಎರಡು ವರ್ಷದವರೆಗಿನ ನಿರ್ಣಾಯಕ ಕಾಲ ಕಳೆದುಹೋಗಿರುತ್ತದೆ.

2017ರ ಅಕ್ಟೋಬರ್ 2ರಿಂದ ಮಾತೃಪೂರ್ಣ ಯೋಜನೆಯಡಿ ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ದೊರೆಯುತ್ತಿದೆ. ಆದರೆ ಸುಗ್ಗಿ ಮುಗಿದೊಡನೆ ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೋಗುವ ಕುಟುಂಬಗಳಿಗೆ ಆ ಊಟ ಊರಿನಲ್ಲಿಯೇ ಉಳಿದುಬಿಡುತ್ತದೆ. ಆದ್ದರಿಂದ ಗುಳೆ ಹೊರಡುವ ಮನೆಯವರು ಅಂಗನವಾಡಿ ಕಾರ್ಯಕರ್ತೆಗೆ ತಿಳಿಸಿ, ತಾಯಿ-ಮಗುವಿನ ಆರೋಗ್ಯ ದಾಖಲೆಯಾದ ತಾಯಿ ಕಾರ್ಡನ್ನು ಬುತ್ತಿಯ ಗಂಟಿನೊಂದಿಗೇ ಒಯ್ದು, ಹೋದ ಊರಿನ ಅಂಗನವಾಡಿಯಲ್ಲಿ ಬಸುರಿಯ ಮತ್ತು ಮಗುವಿನ ಹೆಸರು ಬರೆಸಬೇಕು. ಅಲ್ಲಿನ ಅಂಗನವಾಡಿಯವರು ಬೇರೆ ಊರಿನವರೆಂದು ಅವರನ್ನು ಹಿಂದಕ್ಕೆ ಕಳುಹಿಸಬಾರದು.