ಅಂಗಡಿಯ ಕಟ್ಟು, ಆಟಗಾರನ ಕಟ್ಟು



ಇಡಗುಂಜಿಯಲ್ಲಿ ‘ಆಟ’ ಎಂದರೆ ಮೊದಲು ನೆನಪಾಗುವುದು ಯಕ್ಷಗಾನ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇದೇ ಹೊನ್ನಾವರ ಸೀಮೆಯ ಗುಣವಂತೆಯಲ್ಲಿ ಮೇಳ ಕಟ್ಟಿದಾಗ ಅದಕ್ಕೆ ಇಟ್ಟದ್ದು ಇಲ್ಲಿನ ಮಹಾಗಣಪತಿಯ ಹೆಸರನ್ನೇ. ಹಾಗಾಗಿ ಮೇಳ ಕಟ್ಟುವುದೆಂದರೇನು ಎಂಬುದನ್ನು ಈ ಊರಿನವರಿಗೆ ವಿವರಿಸಬೇಕಾಗಿಲ್ಲ. ಇಂದಿನ ವಿಷಯ ಬೇರೊಂದು ಆಟದ್ದು, ಮಕ್ಕಳು ಚೀಲದಲ್ಲಿಟ್ಟುಕೊಂಡು ತಿರುಗುವ ಎಲೆಗಳ ಆಟದ್ದು. ಆದರೆ ಅದರ ಮರ್ಮ ಮೇಳ ಕಟ್ಟುವವರ ಮರ್ಮಕ್ಕಿಂತ ಬಹಳ ದೂರವೇನಿಲ್ಲ.

‘ಪೋಕೆಮಾನ್’, ‘ಯು-ಗಿ-ಓ’, ‘ಮ್ಯಾಜಿಕ್’ ಮುಂತಾದ ಹೆಸರುಗಳು ಪಾಲಕರ ಕಿವಿಗೂ ಬಿದ್ದಿರಬಹುದು. ಇವಕ್ಕೆ ಟ್ರೇಡಿಂಗ್ ಕಾರ್ಡ್ ಗೇಮ್, ಅಂದರೆ ವಿನಿಮಯದ ಎಲೆಯಾಟ ಎಂದು ಹೆಸರು. ಅಂಗಡಿಯಲ್ಲಿ ಆಡಲು ಸಿದ್ಧವಾದ ಕಟ್ಟೊಂದು ಪೆಟ್ಟಿಗೆಯಲ್ಲಿ ಸಿಗುತ್ತದೆ. ಹುಡುಗ ಅದನ್ನು ಕೊಳ್ಳುತ್ತಾನೆ, ನೆರೆಮನೆಯವನೊಡನೆ ಆಡಿ ಗೆಲ್ಲುತ್ತಾನೆ. ಬೆಂಗಳೂರಿಗೋ ಮಂಗಳೂರಿಗೋ ಹೋಗಿ ಸ್ಪರ್ಧೆಯಲ್ಲಿ ಕುಳಿತರೆ ಸೋತು ಬರುತ್ತಾನೆ. ‘ಅವರ ಹತ್ತಿರ ದುಡ್ಡಿದೆ, ನಮ್ಮ ಹತ್ತಿರ ಇಲ್ಲ’ ಎಂದು ತೀರ್ಮಾನಿಸುತ್ತಾನೆ. ಆ ತೀರ್ಮಾನ ಎಷ್ಟು ಸರಿ, ಎಷ್ಟು ತಪ್ಪು ಎಂಬುದೇ ಈ ಮಾತಿನ ವಿಷಯ.

ಎಲೆಯಾಟ ನಮ್ಮ ನಾಡಿಗೆ ಹೊಸದಲ್ಲ. ಪರ್ಷಿಯಾದ ಕಡೆಯಿಂದ ಬಂದ ಗಂಜೀಫಾ ಎಲೆಗಳನ್ನು ಗೆಳೆಯನೊಬ್ಬನಿಗೆ ಕಳುಹಿಸಿದ ಸಂಗತಿಯನ್ನು ಮೊಗಲ್ ದೊರೆ ಬಾಬರ್ 1527ರಲ್ಲಿ ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ಆ ದುಂಡು ಎಲೆಗಳ ಮೇಲೆ ಮುಂದೆ ಹಿಂದೂ ದೇವತೆಗಳು ಬಂದರು. ದಶಾವತಾರ ಗಂಜೀಫಾದಲ್ಲಿ ಒಂದೊಂದು ಅವತಾರಕ್ಕೆ ರಾಜ, ಮಂತ್ರಿ ಮತ್ತು ಒಂದರಿಂದ ಹತ್ತರವರೆಗಿನ ಎಲೆಗಳಂತೆ ಹನ್ನೆರಡು. ಹತ್ತು ಅವತಾರಕ್ಕೆ ಒಟ್ಟು 120 ಎಲೆ. ಹಗಲಾದರೆ ರಾಮನಿಂದ, ರಾತ್ರಿಯಾದರೆ ಕೃಷ್ಣನಿಂದ ಆಟ ಆರಂಭ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಇದರಲ್ಲಿ ಹೊಸ ಹೊಸ ಆಟಗಳನ್ನೇ ಯೋಜಿಸಿದರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ‘ಕೌತುಕನಿಧಿ’ಯಲ್ಲಿ ಅವುಗಳ ವಿವರವಿದೆ.

ಗಂಜೀಫಾ ಇರಲಿ, ಇಸ್ಪೀಟು ಇರಲಿ, ಒಂದು ನಿಯಮ ಮಾತ್ರ ಸಮಾನ. ನಡುವೆ ಒಂದೇ ಕಟ್ಟು. ಅದನ್ನು ಕಲಸಿ ಎಲ್ಲರಿಗೂ ಹಂಚುತ್ತಾರೆ. ಅರಸನ ಕೈಗೆ ಬರುವ ಎಲೆಯೂ ಆಳಿನ ಕೈಗೆ ಬರುವ ಎಲೆಯೂ ಅದೇ ಕಟ್ಟಿನದು. ಒಬ್ಬನ ಕಟ್ಟು ದಂತದ್ದು, ಇನ್ನೊಬ್ಬನದು ಬಟ್ಟೆಯದು ಇರಬಹುದು. ಅದರಿಂದ ಆಟದ ಬಲ ಹೆಚ್ಚುಕಡಿಮೆಯಾಗುವುದಿಲ್ಲ.

1993ರಲ್ಲಿ ಈ ನಿಯಮ ಮುರಿಯಿತು. ಅಮೆರಿಕದ ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಆಟದಲ್ಲಿ ಆಟಗಾರರಿಬ್ಬರೂ ತಮ್ಮ ತಮ್ಮ ಕಟ್ಟನ್ನು ತಾವೇ ಕಟ್ಟಿಕೊಂಡು ಬರಬೇಕು. ನೂರಾರು ಬಗೆಯ ಎಲೆಗಳಲ್ಲಿ ಯಾವುದು ಬೇಕು, ಯಾವುದು ಬೇಡ ಎಂದು ಆರಿಸುವುದೇ ಆಟದ ಮೊದಲರ್ಧ. ಮೇಜಿನ ಮುಂದೆ ಕುಳಿತಾಗ ನಡೆಯುವುದು ಉಳಿದರ್ಧ. 1996ರಲ್ಲಿ ಜಪಾನಿನಲ್ಲಿ ಪೋಕೆಮಾನ್ ಎಲೆಯಾಟ ಬಂತು, 1999ರಲ್ಲಿ ಯು-ಗಿ-ಓ ಬಂತು. ನಿಯಮಗಳು ಬೇರೆಯಾದರೂ ಅಡಿಪಾಯ ಅದೇ.

ಆರಂಭದಲ್ಲಿ ಮ್ಯಾಜಿಕ್ ಎಲೆಗಳು 60ರ ಪೆಟ್ಟಿಗೆಯಲ್ಲಿ, 15ರ ಪೊಟ್ಟಣದಲ್ಲಿ ಮಾರಾಟವಾಗುತ್ತಿದ್ದವು. ಒಳಗೆ ಏನಿದೆ ಎಂಬುದು ಒಡೆದ ಮೇಲೆಯೇ ತಿಳಿಯುತ್ತಿತ್ತು. ಹೊಸಬರಿಗೆ ಇದು ತೊಡಕಾಯಿತು. 1997ರಲ್ಲಿ ‘ಟೆಂಪೆಸ್ಟ್’ ಎಂಬ ಕಂತಿನೊಂದಿಗೆ, ಕಂಪನಿಯೇ ಎಲೆ ಆರಿಸಿ ಜೋಡಿಸಿಟ್ಟ ಸಿದ್ಧ ಕಟ್ಟುಗಳು ಬಂದವು. ಕೊಂಡ ದಿನವೇ ಆಡಬಹುದು, ಒಳಗಿನ ಎಲೆಗಳ ಪಟ್ಟಿಯೂ ಗೊತ್ತು. ಕೈಯಲ್ಲಿ ಹಣ ಕಡಿಮೆ ಇರುವವನಿಗೆ, ದೊಡ್ಡ ಅಂಗಡಿ ದೂರವಿರುವ ಊರಿನವನಿಗೆ ಇದೇ ಸರಿಯಾದ ಆರಂಭ.

ಹಾಗಾದರೆ ಸಿದ್ಧ ಕಟ್ಟು ಸ್ಪರ್ಧೆಯಲ್ಲಿ ಸೋಲುವುದೇಕೆ? ಸಾಮಾನ್ಯವಾಗಿ ಅದನ್ನು ಕಟ್ಟುವುದು ಗೆಲ್ಲಿಸಲಿಕ್ಕಲ್ಲ, ಕಲಿಸಲಿಕ್ಕೆ. ಆಟದ ಬಗೆಬಗೆಯ ಸಾಧ್ಯತೆಗಳನ್ನು ಪರಿಚಯಿಸಬೇಕೆಂದು ಅದರಲ್ಲಿ ಒಂದೊಂದು ಬಗೆಯ ಒಂದೋ ಎರಡೋ ಎಲೆ ಇಟ್ಟಿರುತ್ತಾರೆ. ಮ್ಯಾಜಿಕ್‌ನ ರೂಢಿಯ ಸ್ಪರ್ಧೆಯಲ್ಲಿ ಕಟ್ಟು ಕನಿಷ್ಠ 60 ಎಲೆಯದು; ಆರಂಭದಲ್ಲಿ ಕೈಗೆ ಬರುವುದು 7. ಒಂದು ಎಲೆಯ ಒಂದೇ ಪ್ರತಿ ಇದ್ದರೆ ಅದು ಆರಂಭದಲ್ಲೇ ಕೈಗೆ ಬರುವ ಸಾಧ್ಯತೆ ನೂರಕ್ಕೆ 12ಕ್ಕಿಂತ ಕಡಿಮೆ. ಎರಡು ಪ್ರತಿ ಇದ್ದರೆ ಸುಮಾರು 22. ನಾಲ್ಕು ಪ್ರತಿ ಇದ್ದರೆ ಸುಮಾರು 40. ನಿಯಮ ಒಪ್ಪುವುದೂ ನಾಲ್ಕನ್ನೇ. ಸಿದ್ಧ ಕಟ್ಟಿನವನು ಪ್ರತಿ ಸಲವೂ ಬೇರೆ ಬೇರೆ ಆಟ ಆಡುತ್ತಿರುತ್ತಾನೆ. ಎದುರಾಳಿ ಪ್ರತಿ ಸಲವೂ ತನಗೆ ಅಭ್ಯಾಸವಾದ ಒಂದೇ ಆಟ ಆಡುತ್ತಿರುತ್ತಾನೆ. ಸೋಲಿನ ಮೊದಲ ಕಾರಣ ಇದು. ಎಲೆಯ ಬೆಲೆ ಆಮೇಲಿನ ಮಾತು.

ಇದಕ್ಕೆ ಅನುಭವಿಗಳು ಕಂಡುಕೊಂಡ ಉಪಾಯ ಸರಳವಾದದ್ದು. ಬೇರೆ ಬೇರೆ ಪೆಟ್ಟಿಗೆ ಕೊಳ್ಳುವ ಬದಲು ಒಂದೇ ಪೆಟ್ಟಿಗೆಯನ್ನು ಮತ್ತೆ ಕೊಳ್ಳುವುದು. ಯು-ಗಿ-ಓ ಆಟದಲ್ಲಿ ಕಟ್ಟು 40ರಿಂದ 60 ಎಲೆಯದು, ಒಂದು ಎಲೆಯ ಮೂರು ಪ್ರತಿಗೆ ಅವಕಾಶ. ಅದರ ಸಿದ್ಧ ಪೆಟ್ಟಿಗೆಗಳಲ್ಲಿ ಬಹಳಷ್ಟು ಎಲೆಗಳು ಒಂದೊಂದೇ ಇರುತ್ತವೆ. ಹಾಗಾಗಿ ಒಂದೇ ಬಗೆಯ ಮೂರು ಪೆಟ್ಟಿಗೆ ಕೊಂಡು, ಮುಖ್ಯವಾದವನ್ನು ಮೂರು ಮೂರು ಇಟ್ಟು, ಉಳಿದವನ್ನು ಕಳಚಿಹಾಕುವುದು ಆ ಆಟದವರಲ್ಲಿ ಹಳೆಯ ರೂಢಿ. 40 ಎಲೆಯ ಕಟ್ಟಿನಿಂದ ಆರಂಭದಲ್ಲಿ 5 ಎಲೆ ಬರುತ್ತವೆ. ಒಂದೇ ಪ್ರತಿ ಇದ್ದರೆ ಅದು ಬರುವ ಸಾಧ್ಯತೆ ನೂರಕ್ಕೆ ಹನ್ನೆರಡೂವರೆ. ಮೂರಿದ್ದರೆ ಸುಮಾರು 34.

ಹೊಸಬರು ಮಾಡುವ ತಪ್ಪು ಇದಕ್ಕೆ ತದ್ವಿರುದ್ಧವಾದದ್ದು. ಮೂರು ಬೇರೆ ಬೇರೆ ಪೆಟ್ಟಿಗೆ ಕೊಂಡು, ಒಂದೊಂದರಿಂದ ಅತಿ ಬಲಿಷ್ಠವಾದ ಎಲೆಗಳನ್ನು ಆರಿಸಿ ಒಟ್ಟು ಸೇರಿಸುತ್ತಾರೆ. ಇಲ್ಲಿ ಮೇಳದ ಉದಾಹರಣೆ ತೆಗೆದುಕೊಳ್ಳಬಹುದು. ಜೋಡಾಟದಲ್ಲಿ ಎರಡು ಮೇಳಗಳು ಅಕ್ಕಪಕ್ಕದ ರಂಗಸ್ಥಳದಲ್ಲಿ ಒಂದೇ ಪ್ರಸಂಗವನ್ನು ಒಟ್ಟಿಗೆ ಆಡುತ್ತವೆ. ಅಂಥ ಸ್ಪರ್ಧೆಗೆ ಒಬ್ಬ ಯಜಮಾನ ಊರೂರಿನಿಂದ ಹತ್ತು ಮಂದಿ ಹೆಸರಾಂತ ಪುರುಷವೇಷದವರನ್ನೇ ಕರೆತಂದ ಎನ್ನೋಣ. ಹಾಡುವವರು ಯಾರು? ಚೆಂಡೆ, ಮದ್ದಳೆ ಯಾರು? ಸ್ತ್ರೀವೇಷ, ಬಣ್ಣದ ವೇಷ, ಹಾಸ್ಯ ಯಾರದು? ಅಷ್ಟು ಹೆಸರುಗಳಿದ್ದೂ ಆಟ ಏಳುವುದಿಲ್ಲ.

ಎಲೆಯಾಟದಲ್ಲೂ ಹಿಮ್ಮೇಳವೊಂದಿದೆ. ಮ್ಯಾಜಿಕ್‌ನಲ್ಲಿ ಅದನ್ನು ‘ಲ್ಯಾಂಡ್’ ಎನ್ನುತ್ತಾರೆ, ಪೋಕೆಮಾನ್‌ನಲ್ಲಿ ‘ಎನರ್ಜಿ’. ಇವು ತಾವಾಗಿ ಹೋರಾಡುವ ಎಲೆಗಳಲ್ಲ. ಹೋರಾಡುವ ಎಲೆಗಳಿಗೆ ಬೇಕಾದ ಶಕ್ತಿ ಒದಗಿಸುವಂಥವು. ಮಕ್ಕಳಿಗೆ ಇವು ನೀರಸವಾಗಿ ಕಾಣುತ್ತವೆ. ಮೊದಲು ತೆಗೆದುಹಾಕುವುದೂ ಇವನ್ನೇ. ಆದರೆ ಮ್ಯಾಜಿಕ್‌ನ 60ರ ಕಟ್ಟಿನಲ್ಲಿ ಸುಮಾರು 24 ಲ್ಯಾಂಡ್ ಇರಬೇಕೆಂಬುದು ಬಹುಕಾಲದಿಂದ ನಡೆದುಬಂದ ಲೆಕ್ಕ. ಆಗ ಆರಂಭದ ಏಳು ಎಲೆಯಲ್ಲಿ ಸರಾಸರಿ ಮೂರರ ಹತ್ತಿರ ಲ್ಯಾಂಡ್ ಬರುತ್ತವೆ. 17ಕ್ಕೆ ಇಳಿಸಿದರೆ ಸರಾಸರಿ ಎರಡೇ. ಬಲಿಷ್ಠ ಎಲೆಗಳು ಕೈಯಲ್ಲೇ ಉಳಿದು ಆಟ ಮುಗಿಯುತ್ತದೆ. ಕಡಿಮೆ ಶಕ್ತಿ ಬೇಡುವ ಎಲೆಗಳೇ ತುಂಬಿದ ಕಟ್ಟಿಗೆ 20ರಷ್ಟು ಸಾಕಾಗಬಹುದು. ಅದು ಕಟ್ಟಿನ ಸ್ವಭಾವ ನೋಡಿ ಮಾಡುವ ತೀರ್ಮಾನ.

60ರಲ್ಲಿ 24 ಕಳೆದರೆ ಉಳಿಯುವುದು 36. ನಾಲ್ಕು ನಾಲ್ಕರಂತೆ ಒಂಬತ್ತು ಬಗೆ. ಹೊಸಬರು ಕಾಗದದ ಮೇಲೆ ಆ ಒಂಬತ್ತು ಹೆಸರು ಬರೆಯುವುದರಿಂದ ಆರಂಭಿಸಿದರೆ ಸಾಕು, ಕಟ್ಟು ಅರ್ಧ ಸಿದ್ಧವಾದಂತೆ. ಹತ್ತನೆಯ ಹೆಸರು ಮನಸ್ಸಿಗೆ ಬಂದರೆ, ಒಂಬತ್ತರಲ್ಲಿ ಯಾವುದನ್ನು ಬಿಡಬೇಕು ಎಂಬ ಪ್ರಶ್ನೆಗೆ ಉತ್ತರ ಹೇಳಿಯೇ ಅದನ್ನು ಸೇರಿಸಬೇಕು.

ಆ ಒಂಬತ್ತನ್ನು ಆರಿಸುವಾಗ ಹೊತ್ತಿನ ಲೆಕ್ಕವೂ ಬೇಕು. ರಾತ್ರಿಯಿಡೀ ನಡೆಯುವ ಬಯಲಾಟ ಮುಖ್ಯ ವೇಷದಿಂದ ಆರಂಭವಾಗುವುದಿಲ್ಲ. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ ಬಂದು ಹೋದ ಮೇಲೆ ಪ್ರಸಂಗ ತೊಡಗುತ್ತದೆ; ದೊಡ್ಡ ವೇಷಗಳಿಗೆ ಅವುಗಳದೇ ಹೊತ್ತಿದೆ. ಹಾಗೆಯೇ ಒಂದು ಲ್ಯಾಂಡ್ ಇರುವಾಗ ಆಡಬಹುದಾದ ಎಲೆ, ಎರಡಿರುವಾಗ ಆಡಬಹುದಾದದ್ದು, ಮೂರಿರುವಾಗಿನದು ಎಂದು ಸಾಲಾಗಿ ಜೋಡಿಸಬೇಕು. ಆರು ಲ್ಯಾಂಡ್ ಬೇಡುವ ಎಲೆಗಳನ್ನೇ ತುಂಬಿಕೊಂಡರೆ ಅಷ್ಟು ಹೊತ್ತಿಗೆ ಎದುರಾಳಿ ಆಟ ಮುಗಿಸಿರುತ್ತಾನೆ.

ಇನ್ನು ಹಣದ ಪ್ರಶ್ನೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಮ್ಯಾಜಿಕ್‌ನ ಮೊದಲ ದಿನಗಳಲ್ಲಿ ಒಂದು ಎಲೆಯ ಎಷ್ಟು ಪ್ರತಿಯನ್ನಾದರೂ ಇಡಬಹುದಿತ್ತು. ಅಪರೂಪದ ಎಲೆಗಳನ್ನು ರಾಶಿ ಕೊಂಡವನ ಮುಂದೆ ಉಳಿದವರು ನಿಲ್ಲಲಾಗದೆ, 1994ರಲ್ಲಿ ಸ್ಪರ್ಧೆಗಳಿಗೆ ನಾಲ್ಕರ ಮಿತಿ ಬಂತು. ಹಣದ ಬಲಕ್ಕೆ ಕಡಿವಾಣ ಹಾಕದಿದ್ದರೆ ಆಟವೇ ಉಳಿಯದು ಎಂಬುದು ಆಗಲೇ ತಿಳಿದಿತ್ತು.

1996ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ನಡೆದ ಅರ್ಹತಾ ಸ್ಪರ್ಧೆಯೊಂದರಲ್ಲಿ ಪಾಲ್ ಸ್ಲೈ ಎಂಬ ಆಟಗಾರ ಎರಡನೆಯ ಸ್ಥಾನ ಪಡೆದ. ಆತನ ಕಟ್ಟನ್ನು ಯೋಜಿಸಿದ್ದು ಜೇ ಶ್ನೈಡರ್. ಅದರಲ್ಲಿದ್ದವು ಬಹುಮಟ್ಟಿಗೆ ಇತರರು ಕಡೆಗಣಿಸಿದ್ದ ಕೆಂಪು ಬಣ್ಣದ ಸಣ್ಣ ಎಲೆಗಳು. ಆದರೆ ಮೊದಲ ಸರದಿಯಲ್ಲಿ ಏನು, ಎರಡನೆಯದರಲ್ಲಿ ಏನು ಎಂದು ಸಾಲು ಕಟ್ಟಿ ಜೋಡಿಸಿದ್ದರಿಂದ ಒಂದು ಸರದಿಯೂ ವ್ಯರ್ಥವಾಗುತ್ತಿರಲಿಲ್ಲ. ಇಂದಿಗೂ ಆ ಬಗೆಯ ಕಟ್ಟನ್ನು ಆಟಗಾರರು ‘ಸ್ಲೈ’ ಎಂದೇ ಕರೆಯುತ್ತಾರೆ. ಎಲ್ಲ ಸ್ಪರ್ಧೆಯಲ್ಲೂ ಅಗ್ಗದ ಕಟ್ಟು ಗೆಲ್ಲುತ್ತದೆಂದು ಇದರ ಅರ್ಥವಲ್ಲ. ದೊಡ್ಡ ಸ್ಪರ್ಧೆಗಳ ಮೇಲಿನ ಮೆಟ್ಟಿಲಲ್ಲಿ ದುಬಾರಿ ಎಲೆಗಳು ಇದ್ದೇ ಇರುತ್ತವೆ. ಆದರೆ ಕೆಳಗಿನ ಮೆಟ್ಟಿಲುಗಳನ್ನು ಹತ್ತಲು ಬೇಕಾದದ್ದು ಹೆಚ್ಚಾಗಿ ಲೆಕ್ಕ ಮತ್ತು ತಾಳ್ಮೆ.

ಪಾಲಕರು ನಿಜವಾಗಿ ಎಚ್ಚರ ವಹಿಸಬೇಕಾದದ್ದು ಒಳಗೇನಿದೆ ಎಂದು ತಿಳಿಯದ ಪೊಟ್ಟಣಗಳ ವಿಷಯದಲ್ಲಿ. ಒಂದು ಒಳ್ಳೆಯ ಎಲೆ ಸಿಗಬಹುದೆಂಬ ಆಸೆಯಿಂದ ಮೇಲಿಂದ ಮೇಲೆ ಪೊಟ್ಟಣ ಒಡೆಯುವ ಚಟಕ್ಕೂ ಲಾಟರಿಗೂ ಹೆಚ್ಚು ಅಂತರವಿಲ್ಲ. ಪಟ್ಟಿ ತಿಳಿದಿರುವ ಸಿದ್ಧ ಪೆಟ್ಟಿಗೆ ಕೊಂಡು, ಕೊರತೆಯಾದ ಎಲೆಗಳನ್ನು ಬಿಡಿಯಾಗಿ ಕೊಳ್ಳುವುದು ಅಥವಾ ಗೆಳೆಯರೊಡನೆ ಬದಲಾಯಿಸಿಕೊಳ್ಳುವುದು ಮಿತವ್ಯಯದ ದಾರಿ. ವಿನಿಮಯದ ಆಟ ಎಂಬ ಹೆಸರು ಬಂದದ್ದೇ ಹಾಗೆ.

ಕೊಳ್ಳುವ ಮುನ್ನ ಇನ್ನೊಂದನ್ನು ನೋಡಿಕೊಳ್ಳಬೇಕು. ಹಲವು ಸ್ಪರ್ಧೆಗಳಲ್ಲಿ ಹಳೆಯ ಕಂತುಗಳ ಎಲೆಗಳಿಗೆ ಪ್ರವೇಶವಿಲ್ಲ. ಪೋಕೆಮಾನ್ ಎಲೆಗಳ ಕೆಳ ಅಂಚಿನಲ್ಲಿ 2020ರಿಂದೀಚೆಗೆ ಒಂದು ಇಂಗ್ಲಿಷ್ ಅಕ್ಷರ ಮುದ್ರಿಸುತ್ತಾರೆ; ಯಾವ ಅಕ್ಷರದವು ಸ್ಪರ್ಧೆಗೆ ನಡೆಯುತ್ತವೆ ಎಂಬುದನ್ನು ಆಗಾಗ ಪ್ರಕಟಿಸುತ್ತಾರೆ. ರಿಯಾಯಿತಿಯಲ್ಲಿ ಸಿಕ್ಕ ಹಳೆಯ ಪೆಟ್ಟಿಗೆ ಮನೆಯಾಟಕ್ಕೆ ಸೊಗಸು, ಸ್ಪರ್ಧೆಗೆ ನಿರುಪಯೋಗಿ ಆಗಿರಬಹುದು.

ಕೊನೆಯದಾಗಿ ಮಕ್ಕಳಿಗೆ ಒಂದು ಕೆಲಸ. ಮುಂದಿನ ಪೆಟ್ಟಿಗೆಗಾಗಿ ಅಪ್ಪನ ಬಳಿ ಹಣ ಕೇಳುವ ಮೊದಲು, ಕೈಯಲ್ಲಿರುವ ಕಟ್ಟಿನಿಂದ ಹತ್ತು ಆಟ ಆಡಿ. ಪ್ರತಿ ಆಟ ಮುಗಿದಾಗ ಎರಡು ಸಂಗತಿಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಯಾವ ಎಲೆ ಆಡಲಾಗದೆ ಕೈಯಲ್ಲೇ ಉಳಿಯಿತು, ಯಾವ ಎಲೆಗಾಗಿ ಕಾದು ಕುಳಿತಿರಿ. ಹತ್ತು ಆಟದ ಹೊತ್ತಿಗೆ ಮೊದಲ ಪಟ್ಟಿಯಲ್ಲಿ ಮತ್ತೆ ಮತ್ತೆ ಬಂದ ಎಲೆಯನ್ನು ತೆಗೆದು, ಎರಡನೆಯ ಪಟ್ಟಿಯಲ್ಲಿ ಮತ್ತೆ ಮತ್ತೆ ಬಂದ ಎಲೆಯ ಇನ್ನೊಂದು ಪ್ರತಿ ಸೇರಿಸಿ. ಮತ್ತೆ ಹತ್ತು ಆಟ. ಒಮ್ಮೆಗೆ ಒಂದೆರಡು ಎಲೆಗಿಂತ ಹೆಚ್ಚು ಬದಲಾಯಿಸಬೇಡಿ. ಬದಲಾಯಿಸಿದರೆ ಯಾವುದರಿಂದ ಲಾಭವಾಯಿತು ಎಂಬುದೇ ತಿಳಿಯದು.

ಹೀಗೆ ಮೂರು ನಾಲ್ಕು ಸಲ ಮಾಡಿದ ಮೇಲೆ ಅಂಗಡಿಯ ಪೆಟ್ಟಿಗೆಯಲ್ಲಿ ಬಂದ ಎಲೆಗಳಲ್ಲಿ ಅರ್ಧದಷ್ಟು ಉಳಿದಿರಬಹುದು, ಇನ್ನೂ ಕಡಿಮೆಯೂ ಆಗಬಹುದು. ಆದರೆ ಉಳಿದ ಒಂದೊಂದು ಎಲೆಯೂ ಅಲ್ಲಿ ಏಕಿದೆ ಎಂದು ಕೇಳಿದರೆ ನಿಮ್ಮ ಬಳಿ ಉತ್ತರವಿರುತ್ತದೆ. ಆ ಕಟ್ಟನ್ನು ಹಿಡಿದು ಬೆಂಗಳೂರಿಗೆ ಹೋಗಿ. ಸೋತರೂ ಏಕೆ ಸೋತಿರಿ ಎಂಬುದನ್ನು ಬಸ್ಸಿನಲ್ಲಿ ಮರಳುವಾಗಲೇ ನೋಟ್‌ಬುಕ್ಕಿನಲ್ಲಿ ಬರೆಯಬಹುದು.