ಯಾವ ಅಂಕಿಯನ್ನು ತಿದ್ದಬೇಕು?



ರೈಫಲ್ ಸ್ಕೋಪನ್ನು ಎಷ್ಟು ಕ್ಲಿಕ್ ತಿರುಗಿಸಬೇಕು ಎಂಬ ಲೆಕ್ಕವನ್ನು ಈಗ ಮೊಬೈಲೇ ಮಾಡಿಕೊಡುತ್ತದೆ. ಆ ಲೆಕ್ಕ ತಪ್ಪುವುದು ಅಪರೂಪ; ತಪ್ಪುವುದು ನಾವು ತುಂಬುವ ಅಂಕಿ. ಲೆಕ್ಕ ಹೇಳಿದ ಜಾಗಕ್ಕೆ ಗುಂಡು ಬೀಳದಿದ್ದಾಗ ವೇಗದ ಅಂಕಿಯನ್ನೋ, ಗುಂಡು ಗಾಳಿಯ ತಡೆಯನ್ನು ಎಷ್ಟು ಮೀರುತ್ತದೆ ಎಂದು ಹೇಳುವ ಬ್ಯಾಲಿಸ್ಟಿಕ್ ಗುಣಾಂಕವನ್ನೋ ಒಂದಿಷ್ಟು ಎಳೆದಾಡಿ ಹೊಂದಿಸಿಬಿಡುವುದು ರೂಢಿಯಾಗಿದೆ. ಅಳೆಯಲು ಬರುವುದನ್ನೆಲ್ಲ ಅಳೆಯುವ ಮೊದಲು ಯಾವ ಅಂಕಿಗೂ ಕೈಹಚ್ಚಬಾರದು ಎಂಬುದು ನನ್ನ ವಾದ.

ಗಾಳಿಯನ್ನು ಲೆಕ್ಕಕ್ಕೆ ಹಿಡಿಯದ ಪಠ್ಯಪುಸ್ತಕದ ಪ್ಯಾರಾಬೊಲಾದ ಪ್ರಕಾರ, ಸೆಕೆಂಡಿಗೆ 800 ಮೀಟರ್ ವೇಗದ ಗುಂಡು 800 ಮೀಟರ್ ದೂರಕ್ಕೆ ಒಂದು ಸೆಕೆಂಡಿನಲ್ಲಿ ಹೋಗಿ, ಅಷ್ಟರಲ್ಲಿ ಸುಮಾರು 5 ಮೀಟರ್ ಇಳಿಯಬೇಕು. ನಿಜದಲ್ಲಿ .308 ಗುಂಡಿಗೆ ಒಂದೂವರೆ ಸೆಕೆಂಡಿನ ಆಸುಪಾಸು ಹಿಡಿಯುತ್ತದೆ; ಇಳಿತ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಗಾಳಿಯ ಈ ಪಾಲನ್ನು ಪ್ರಯೋಗದಿಂದ ತೋರಿಸಿದವನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್. ಗುಂಡು ತಾಗಿದ ಲೋಲಕ ಎಷ್ಟು ತೂಗಾಡಿತು ಎಂಬುದರಿಂದಲೇ ವೇಗ ಅಳೆದು, 1742ರಲ್ಲಿ ಅದನ್ನು ಪ್ರಕಟಿಸಿದ. ಅಂದಿನಿಂದಲೂ ಅಳತೆ ಮೊದಲು, ತಿದ್ದುಪಡಿ ಆಮೇಲೆ.

ಪೊಟ್ಟಣದ ಮೇಲಿನ ಬ್ಯಾಲಿಸ್ಟಿಕ್ ಗುಣಾಂಕವೂ ಒಂದು ಮಾದರಿ ಗುಂಡಿಗೆ ಹೋಲಿಸಿ ಕೊಟ್ಟದ್ದೇ. ಜಿ1 ಎಂಬುದು ಚಪ್ಪಟೆ ಬುಡದ ಹಳೆಯ ಮಾದರಿ, ಜಿ7 ಎಂಬುದು ಬುಡ ಕಿರಿದಾದ ಉದ್ದನೆಯ ಮಾದರಿ. ಒಂದೇ ಗುಂಡಿಗೆ ಜಿ1ರಲ್ಲಿ 0.5, ಜಿ7ರಲ್ಲಿ 0.25 ಇರಬಹುದು. ಒಂದರ ಅಂಕಿಯನ್ನು ಇನ್ನೊಂದರ ಕೋಷ್ಟಕಕ್ಕೆ ಹಾಕಿದರೆ ಮುಂದಿನ ಲೆಕ್ಕವೆಲ್ಲ ಕೆಟ್ಟಿತು. ವಾಯುಒತ್ತಡದಲ್ಲೂ ಇಂಥದೇ ಬಲೆಯಿದೆ. ಬೆಂಗಳೂರಿನಲ್ಲಿ ನಿಜವಾದ ಒತ್ತಡ ಸುಮಾರು 910 ಹೆಕ್ಟೋಪಾಸ್ಕಲ್. ಹವಾಮಾನ ವರದಿ ಸಾಮಾನ್ಯವಾಗಿ ಕೊಡುವುದು ಸಮುದ್ರಮಟ್ಟಕ್ಕೆ ಇಳಿಸಿದ ಅಂಕಿ. ಅದನ್ನೇ ತುಂಬಿದವರು ಮಂಗಳೂರಿನ ಗಾಳಿಗೆ ಲೆಕ್ಕ ಹಾಕಿ ಬೆಂಗಳೂರಿನಲ್ಲಿ ಗುಂಡು ಹಾರಿಸುತ್ತಾರೆ, ಆಮೇಲೆ ಗುಂಡಿನ ಗುಣಾಂಕವನ್ನು ದೂರುತ್ತಾರೆ.

ಗುಂಡು ಗುರಿಗೆ ತಾಗಿದರಾಯಿತು, ಯಾವ ಅಂಕಿ ತಿದ್ದಿದರೇನು ಎನ್ನುವವರಿದ್ದಾರೆ. ಆ ದೂರಕ್ಕೆ, ಆ ಹವೆಗೆ ಅವರ ಮಾತು ಸರಿ. ಆದರೆ ವೇಗದ ತಪ್ಪು ಹತ್ತಿರದಿಂದಲೇ ಕಾಣತೊಡಗುತ್ತದೆ. ಗುಣಾಂಕದ ತಪ್ಪು ಹತ್ತಿರದಲ್ಲಿ ಅಡಗಿದ್ದು ದೂರದಲ್ಲಿ ಬೆಳೆಯುತ್ತದೆ. ಒಂದರ ತಪ್ಪನ್ನು ಇನ್ನೊಂದರಿಂದ ಮುಚ್ಚಿದರೆ 800 ಮೀಟರಿಗೆ ಸರಿಹೋದದ್ದು ಬೇರೆ ದೂರದಲ್ಲಿ ಕೈಕೊಡುತ್ತದೆ, ಅಡ್ಡಗಾಳಿಯ ಲೆಕ್ಕವೂ ಹಳಿ ತಪ್ಪುತ್ತದೆ.

ವೇಗ ಅಳೆಯುವ ಕ್ರೊನೊಗ್ರಾಫ್ ದುಬಾರಿ ಎಂಬ ಆಕ್ಷೇಪಕ್ಕೆ ತೂಕವಿದೆ. ಸೆಕೆಂಡಿಗೆ 10 ಮೀಟರ್ ವ್ಯತ್ಯಾಸವೂ 800 ಮೀಟರಿನಲ್ಲಿ ಗೇಣುದ್ದದ ತಪ್ಪಾಗುವುದರಿಂದ ಅದನ್ನು ಬಿಡುವಂತಿಲ್ಲ. ನಾಲ್ಕು ಕ್ಲಬ್ಬುಗಳು ಸೇರಿ ಒಂದನ್ನು ಕೊಳ್ಳಲಿ. ತಿರುಗಿಸಿದಷ್ಟೇ ಸ್ಕೋಪ್ ಸರಿಯುತ್ತದೆಯೇ ಎಂಬ ಪರೀಕ್ಷೆಗಾದರೋ ತೂಗುಗುಂಡು, ಟೇಪು ಸಾಕು. 100 ಮೀಟರಿನಲ್ಲಿ ಎತ್ತರದ ರಟ್ಟಿನ ಮೇಲೆ ತೂಗುಗುಂಡು ಹಿಡಿದು ನೇರ ಗೆರೆ ಎಳೆಯಿರಿ. ಬುಡದ ಬಿಂದುವಿಗೆ ಗುರಿಯಿಟ್ಟು ಹೊಡೆದು, ಸ್ಕೋಪನ್ನು 10 ಮಿಲ್ (ಮಿಲಿರೇಡಿಯನ್) ಏರಿಸಿ ಮತ್ತೆ ಅದೇ ಬಿಂದುವಿಗೆ ಹೊಡೆಯಿರಿ. ರಂಧ್ರ ಸರಿಯಾಗಿ ಒಂದು ಮೀಟರ್ ಮೇಲಿರಬೇಕು. 98 ಸೆಂಟಿಮೀಟರ್ ಬಂದರೆ ಶೇ. 2ರ ತಪ್ಪು ಸ್ಕೋಪಿನದು. ಅದನ್ನು ಗುಂಡಿನ ವೇಗದ ಲೆಕ್ಕಕ್ಕೆ ಬರೆದವರು ಸ್ಕೋಪ್ ಬದಲಿಸಿದ ದಿನ ಮೊದಲಿನಿಂದ ಶುರುಮಾಡಬೇಕಾಗುತ್ತದೆ.

ಆದ್ದರಿಂದ ಗೋಷ್ಠಿಯ ಮುಂದೆ ನನ್ನ ಕೋರಿಕೆ ಇಷ್ಟೇ: ನೀವು ಮಂಡಿಸುವ ಪ್ರತಿ ಅಂಕಿಯ ಪಕ್ಕದಲ್ಲೂ ಅದು ಅಳೆದದ್ದೋ, ಪೊಟ್ಟಣದಿಂದ ಎತ್ತಿದ್ದೋ, ಹೊಂದಿಸಿದ್ದೋ ಎಂದು ಬರೆಯಿರಿ.