ಚನ್ನಗಿರಿಯ ಸವಾರ ಧೋಂಡಿಯ ವಾಘ್

ಚಿತ್ರದುರ್ಗದ ಕೋಟೆ ಅಂದಕೂಡಲೇ ಮದಕರಿನಾಯಕ, ಓಬವ್ವ ನೆನಪಾಗುತ್ತಾರೆ. ಇದೇ ಕೋಟೆಯ ಬುಡದಿಂದ 1800ರ ಜೂನ್‌ನಲ್ಲಿ ಇಂಗ್ಲಿಷರ ದೊಡ್ಡ ಸೈನ್ಯವೊಂದು ಹೊರಟಿತು. ಅದು ಹೊರಟದ್ದು ಒಬ್ಬನೇ ಒಬ್ಬನನ್ನು ಹಿಡಿಯಲು. ಅವನು ಹೊಳಲ್ಕೆರೆ, ಹೊಸದುರ್ಗದವರಿಗೆ ನೆರೆಯಾದ ಚನ್ನಗಿರಿಯಲ್ಲಿ ಹುಟ್ಟಿದ ಮರಾಠ ಸವಾರ ಧೋಂಡಿಯ ವಾಘ್.

ಹೈದರಾಲಿಯ ಕುದುರೆ ದಂಡಿನಲ್ಲಿ ಅವನು ಯುದ್ಧ ಕಲಿತ. ಟಿಪ್ಪುವಿನ ಕಾಲದಲ್ಲಿ, ಮೂರನೆಯ ಮೈಸೂರು ಯುದ್ಧದ ಹೊತ್ತಿಗೆ, ದಂಡು ಬಿಟ್ಟು ಧಾರವಾಡದ ಕಡೆ ಹೋಗಿ ತನ್ನದೇ ಪಡೆ ಕಟ್ಟಿ ಊರು ಕೊಳ್ಳೆ ಹೊಡೆದ. 1794ರಲ್ಲಿ ಮತ್ತೆ ಟಿಪ್ಪುವಿನ ಬಳಿ ಬಂದ. ಮತಾಂತರವಾಯಿತು, ಮಲಿಕ್ ಜಹಾನ್ ಖಾನ್ ಎಂಬ ಹೆಸರಾಯಿತು. ಅದಾದ ಮೇಲೂ ನಂಬಿಕೆ ಉಳಿಯಲಿಲ್ಲ. ಶ್ರೀರಂಗಪಟ್ಟಣದ ಸೆರೆಯಲ್ಲಿ ಸಂಕೋಲೆ ಬಿತ್ತು. 1799ರ ಮೇ 4ರಂದು ಟಿಪ್ಪು ಬಿದ್ದ. ಆ ಗದ್ದಲದಲ್ಲಿ ಧೋಂಡಿಯ ಹೊರಬಿದ್ದ.

ಅವನ ಹಿಂದೆ ಅಷ್ಟು ಜನ ಹೇಗೆ ಕೂಡಿದರು? ಸುಲ್ತಾನನ ಸೈನ್ಯ ಚದುರಿತ್ತು. ಕತ್ತಿ, ಕುದುರೆ ಬಿಟ್ಟರೆ ಬೇರೆ ಕಸುಬು ಅರಿಯದವರು ಸಂಬಳವಿಲ್ಲದೆ ಬೀದಿಗೆ ಬಿದ್ದಿದ್ದರು. ಅವರೇ ಅವನ ಬಲ. ಬಿದನೂರು ಸೀಮೆಯಲ್ಲಿ ಅವನು ಎದ್ದಾಗ ಕರ್ನಲ್ ಡಾಲ್ರಿಂಪಲ್‌ನ ತುಕಡಿ ಚಿತ್ರದುರ್ಗದಿಂದಲೇ ಬೆನ್ನಟ್ಟಿತು. ಆಗಸ್ಟ್‌ನಲ್ಲಿ ಶಿಕಾರಿಪುರದಲ್ಲಿ ಸೋತು, ಗಡಿ ದಾಟಿ ಮರಾಠರ ಸೀಮೆಗೆ ಓಡಿದ. ಮರುವರ್ಷ ಇನ್ನೂ ದೊಡ್ಡ ದಂಡಿನೊಡನೆ ಬಂದ. ತನ್ನನ್ನು ಉಭಯ ಲೋಕಾಧೀಶ್ವರ ಎಂದು ಕರೆದುಕೊಂಡ.

ಇಂಗ್ಲಿಷರು ಅವನನ್ನು ದರೋಡೆಕೋರ ಅಂದರು. ಸಿಕ್ಕಲ್ಲೇ ಮರಕ್ಕೆ ನೇತುಹಾಕಿ ಎಂದು ಮದರಾಸಿನಿಂದ ಅಪ್ಪಣೆಯಾಯಿತು. ಊರು ಸುಲಿದದ್ದು ನಿಜ, ಅದನ್ನು ಮರೆಮಾಚಬಾರದು. ಆದರೆ ಬರೀ ಕಳ್ಳನೊಬ್ಬನಿಗಾಗಿ ಆರ್ಥರ್ ವೆಲ್ಲೆಸ್ಲಿಯಂಥ ಸೇನಾಪತಿ ತಿಂಗಳುಗಟ್ಟಲೆ ಅಲೆಯುತ್ತಿರಲಿಲ್ಲ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್ ಇವನೇ. ಹಣ ಕೊಟ್ಟರೆ ಧೋಂಡಿಯನನ್ನು ಮುಗಿಸುತ್ತೇನೆಂದು ಒಬ್ಬ ಮುಂದೆ ಬಂದಾಗ ವೆಲ್ಲೆಸ್ಲಿ ಒಪ್ಪಲಿಲ್ಲ. ಆ ಮಾತಿಗೆ ನಾನು ಅವನನ್ನು ಗೌರವಿಸುತ್ತೇನೆ.

ವೆಲ್ಲೆಸ್ಲಿಯ ದಂಡು ಹರಿಹರದ ಬಳಿ ತುಂಗಭದ್ರೆ ದಾಟಿತು. ಜೂನ್ 27ರಂದು ರಾಣೆಬೆನ್ನೂರು ಇಂಗ್ಲಿಷರ ವಶವಾಯಿತು. ಜುಲೈ 30ರಂದು ಮುನವಳ್ಳಿಯಲ್ಲಿ ಧೋಂಡಿಯನ ಬಿಡಾರ ಸಿಕ್ಕಿಬಿತ್ತು; ಎಷ್ಟೋ ಜನ, ಜಾನುವಾರು ಮಲಪ್ರಭೆಯ ಪಾಲಾದರು. ಅವನು ಮಾತ್ರ ತಪ್ಪಿಸಿಕೊಂಡ. ಸೆಪ್ಟೆಂಬರ್ 10ರಂದು ಕೋಣಗಲ್‌ನಲ್ಲಿ ಎದುರುಬದುರಾದರು. ಧೋಂಡಿಯನ ಬಳಿ ಸುಮಾರು 5,000 ಸವಾರರು. ವೆಲ್ಲೆಸ್ಲಿಯದು ನಾಲ್ಕೇ ರೆಜಿಮೆಂಟು. ಕಾಲಾಳುಗಳಿಗೆ ಕಾಯದೆ, ಒಂದೇ ಸಾಲಿನಲ್ಲಿ ಕುದುರೆಗಳನ್ನು ನಿಲ್ಲಿಸಿ ತಾನೇ ಮುಂದಾಗಿ ನುಗ್ಗಿದ. ಧೋಂಡಿಯ ಅಲ್ಲೇ ಸತ್ತ. ಹೆಣವನ್ನು ಫಿರಂಗಿಯ ಮೇಲೆ ಬಿಡಾರಕ್ಕೆ ತಂದರು.

ಸಾಮಾನುಗಳ ನಡುವೆ ಅವನ ಎಳೆಯ ಮಗ ಸಲಾಬತ್ ಖಾನ್ ಸಿಕ್ಕ. ವೆಲ್ಲೆಸ್ಲಿ ಹುಡುಗನನ್ನು ತನ್ನ ಗುಡಾರಕ್ಕೆ ಕರೆಸಿಕೊಂಡು ಸಾಕಿದ. 1805ರಲ್ಲಿ ಇಂಡಿಯಾ ಬಿಡುವಾಗ ಅವನ ಖರ್ಚಿಗೆ ಹಣ ಇಟ್ಟು, ಶ್ರೀರಂಗಪಟ್ಟಣದ ಅಧಿಕಾರಿಯೊಬ್ಬರಿಗೆ ಒಪ್ಪಿಸಿ ಹೋದ. ಹುಡುಗ ಬೆಳೆದು ಮೈಸೂರು ಮಹಾರಾಜರ ಚಾಕರಿಗೆ ಸೇರಿದ. 1822ರಲ್ಲಿ ಕಾಲರಾದಿಂದ ತೀರಿಕೊಂಡ.